ಟೈಲರ್ ಹುಡುಗಿಯ ಮೇಲಿನ ದೂರು

ಪೂಜ್ಯ ಪಾಸ್ಟರ್ ಅವರಿಗೆ ವಂದನೆಗಳು.

ಬರುವ ಭಾನುವಾರ ಒಬ್ಬಳೇ ಹಾಡುವ ಅವಕಾಶವನ್ನು ನೀವು ಟೈಲರ್ ಹುಡುಗಿಗೆ ಕೊಟ್ಟಾಗ, ಅವಳು ಹಾಡುವುದು ಹೊಗಳಿಕೆಗಾಗಿ, ದೇವರಿಗಲ್ಲ ಎಂದು ದೂರು ಬರೆದಿದ್ದೆ. ದಯವಿಟ್ಟು ಅದನ್ನು ಹರಿದುಹಾಕಿ. ಕಪಟಿಗಳ ಕುರಿತ ಕರಪತ್ರಗಳನ್ನೆಲ್ಲ ಓದಿದ್ದರೂ ಅವುಗಳಲ್ಲಿ ನನ್ನನ್ನು ನಾನು ಹುಡುಕಿರಲಿಲ್ಲ.

ಆ ಹಾಡನ್ನು ನಾನೂ ತಿಂಗಳಿಂದ ಅಭ್ಯಾಸ ಮಾಡಿದ್ದೆ. ಮೊನ್ನೆ ಅವಳೇ ಬಂದು, "ಅಣ್ಣಾ, ಕೊನೇ ಸಾಲಲ್ಲಿ ದನಿ ಒಡೀತಿದೆ, ಸ್ವಲ್ಪ ಹೇಳ್ಕೊಡ್ತೀಯಾ?" ಎಂದಳು.

"ಸರಿಯಾಗೇ ಇದೆಯಲ್ಲ, ಹಾಗೇ ಹಾಡು," ಎಂದೆ. ಎಲ್ಲರೆದುರು ಅವಳ ಮಾನ ಹೋಗಲಿ ಎಂಬುದೇ ನನ್ನ ಆಸೆಯಾಗಿತ್ತು.

ಶನಿವಾರ ಹಾಡಿನ ಅಭ್ಯಾಸಕ್ಕೆ ಒಂದು ಗಂಟೆ ಮೊದಲೇ ಚರ್ಚಿನ ಬಾಗಿಲು ತೆರೆಸಿ. ಅವಳ ಬಳಿ ತಪ್ಪೊಪ್ಪಿಕೊಂಡು ಆ ಸಾಲನ್ನು ಕಲಿಸುತ್ತೇನೆ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅವಳು ಹಾಡುವಾಗ ದಯವಿಟ್ಟು ನನ್ನ ಮುಖ ನೋಡಬೇಡಿ.

ನಿಮ್ಮ ಪ್ರಾರ್ಥನೆ ಬೇಕಾಗಿರುವ,
ಗಾಯನ ತಂಡದ ವೆಲ್ಡರ್