ಕೊನೆ ಲೈಟೂ ಹಿಂಬದಿಯ ದೀಪವೂ

(ನಮ್ಮ ಸೀಮೆಯ ವಾಹನಗಳನ್ನೂ ಚಾಲಕರನ್ನೂ ಪರಿಶೀಲಿಸುವ ಸಾರಿಗೆ ಅಧಿಕಾರಿಗಳಿಗೆ)

ಮಾನ್ಯರೇ,

ಮೂವತ್ತೇಳು ವಾಹನಗಳ ಹಿಂಬದಿಯ ದೀಪಗಳನ್ನು ಕಳಚಿ ತೆಗೆದ ಅಪರಾಧಕ್ಕಾಗಿ ನನ್ನ ವಿದ್ಯಾರ್ಥಿನಿ ಭವಿತಾಳ ಚಾಲನಾ ಪರವಾನಗಿಯನ್ನು ತಾವು ಮೂರು ತಿಂಗಳ ಮಟ್ಟಿಗೆ ಅಮಾನತಿನಲ್ಲಿ ಇಟ್ಟಿದ್ದೀರಿ. ಆದೇಶದ ಪ್ರತಿ ನನ್ನ ಮೇಜಿನ ಮೇಲಿದೆ. ಮುದ್ರೆ ಸ್ಪಷ್ಟವಾಗಿದೆ, ಸಹಿ ಸುಂದರವಾಗಿದೆ. ಅದರಲ್ಲಿರುವ ಒಂದೇ ಒಂದು ಕೊರತೆಯೆಂದರೆ, ಆ ಮೂವತ್ತೇಳು ವಾಹನಗಳ ಹಿಂಬದಿಯ ದೀಪಗಳೂ ಇದ್ದಲ್ಲಿಯೇ ಇವೆ. ಅವು ಪ್ರತಿ ಸಂಜೆ ಕೆಂಪಗೆ ಉರಿಯುತ್ತ ಕಡಬದಿಂದ ಸುಳ್ಯದವರೆಗೆ, ಕೆಲವು ದಿನ ತಮ್ಮ ಕಚೇರಿಯ ಗೇಟಿನ ಮುಂದೆಯೇ ಓಡಾಡುತ್ತಿವೆ. ತಾವಾಗಲಿ ತಮ್ಮ ಸಿಬ್ಬಂದಿಯಾಗಲಿ ಅವುಗಳಲ್ಲಿ ಒಂದರ ಹಿಂದೆ ಹೋಗಿ ನಿಂತಿದ್ದರೂ ಈ ಪತ್ರ ಬರೆಯುವ ಶ್ರಮ ನನಗೂ, ಓದುವ ಶ್ರಮ ತಮಗೂ ತಪ್ಪುತ್ತಿತ್ತು.

ನಾನು ಕಡಬದ ಸಮೀಪ ಒಂದು ಚಿಕ್ಕ ತರಬೇತಿ ಕೇಂದ್ರದಲ್ಲಿ ಇಪ್ಪತ್ತಾರು ವರ್ಷಗಳಿಂದ ಮೋಟಾರು ಮೆಕ್ಯಾನಿಕ್ ವಿಭಾಗದ ಪಾಠ ಹೇಳುತ್ತಿದ್ದೇನೆ. ಇಂದಿನ ಮಕ್ಕಳಿಗೆ ಮೊಬೈಲ್ ಬಿಟ್ಟರೆ ಬೇರೆ ಲೋಕವಿಲ್ಲ ಎಂದು ಹಿರಿಯರು ಹೇಳುವಾಗ ನನಗೆ ನಗು ಬರುತ್ತದೆ. ನನ್ನ ತರಗತಿಯ ಮಕ್ಕಳು ಗ್ರೀಸು ಹತ್ತಿದ ಕೈಯಲ್ಲೇ ಮೊಬೈಲ್ ಹಿಡಿದು ಬೋಲ್ಟಿನ ಅಳತೆ ಹುಡುಕುವವರು. ಅವರಲ್ಲಿ ಭವಿತಾ ಎದ್ದು ಕಾಣುವವಳು. ಇಪ್ಪತ್ತು ವರ್ಷ, ಎರಡು ವರ್ಷದ ತರಬೇತಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದ್ದಾಳೆ. ಬರುವ ತಿಂಗಳ ಒಂದನೆಯ ತಾರೀಕಿಗೆ ಬಸ್ ಡಿಪೋ ಒಂದರ ವರ್ಕ್‌ಶಾಪಿನಲ್ಲಿ ಆಕೆ ಅಪ್ರೆಂಟಿಸ್ ಆಗಿ ಹಾಜರಾಗಬೇಕು. ಹಾಜರಾಗುವ ದಿನ ಚಾಲ್ತಿಯಲ್ಲಿರುವ ಚಾಲನಾ ಪರವಾನಗಿಯನ್ನು ತೋರಿಸಬೇಕೆಂಬುದು ಅವರ ಷರತ್ತು. ತೋರಿಸದಿದ್ದರೆ ಸ್ಥಾನ ಪಟ್ಟಿಯಲ್ಲಿರುವ ಮುಂದಿನವರಿಗೆ. ಇಂದಿಗೆ ಉಳಿದಿರುವುದು ಹನ್ನೆರಡು ದಿನ. ತಮ್ಮ ಆದೇಶದಲ್ಲಿ ಉಳಿದಿರುವುದು ಎಂಬತ್ತೊಂದು.

ಇನ್ನು ಅಪರಾಧದ ಕಥೆ. ಭವಿತಾಳ ತಾಯಿ ನೀಲಾವತಿ ಅವರು ಕಳೆದ ಮಾರ್ಚಿನಲ್ಲಿ ಒಂದು ಸಂಜೆ ಏಳು ಗಂಟೆಗೆ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದರು. ತಿರುವಿನಲ್ಲಿ ಎದುರಿನಿಂದ ಜೀಪು ಬಂತು. ಆಮೇಲೆ ನಡೆದುದನ್ನು ಅವರ ಮಾತಿನಲ್ಲೇ ಕೊಡುವುದಾದರೆ, "ಲೈಟ್ ಬಂತು, ಮತ್ತೆ ಚರಂಡಿ ಬಂತು. ನಡುವೆ ಎಂತ ಆಯ್ತು ಅಂತ ನಂಗೆ ಗೊತ್ತಿಲ್ಲ." ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರಿನಲ್ಲಿದ್ದರು. ಜೀಪು ಇಚಿಲಂಪಾಡಿಯ ರಬ್ಬರ್ ಕೃಷಿಕ ಪತ್ರೋಸ್ ಅವರದು. ಅವರು ಓಡಿಹೋಗುವ ಜಾತಿಯವರಲ್ಲ. ತಾವೇ ನೀಲಾವತಿಯವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿ, ಮರುದಿನ ಒಂದು ಹೆಡಿಗೆ ನೇಂದ್ರ ಬಾಳೆಹಣ್ಣಿನೊಂದಿಗೆ ಬಂದು ಮಂಚದ ಪಕ್ಕ ಕೈಕಟ್ಟಿ ನಿಂತರು. ಅವರ ಮಗ ಆಲ್ಬಿನ್ ಭವಿತಾಳ ಸಹಪಾಠಿ.

"ಡಿಮ್ ಮಾಡಿಯೇ ಬಂದದ್ದು ಮೋಳೇ, ದೇವರಾಣೆಗೂ" ಎಂದರು ಪತ್ರೋಸ್, ಭವಿತಾಳನ್ನು ಮಲಯಾಳದಲ್ಲಿ ಮಗಳೇ ಎಂದು ಕರೆದು.

"ಡಿಮ್ ಮಾಡಿದ್ದೀರಿ ಅಂಕಲ್, ನಾನು ಇಲ್ಲ ಹೇಳುದಿಲ್ಲ" ಎಂದಳು ಭವಿತಾ. "ಹಿಂದೆ ಎಷ್ಟು ಜನ ಇದ್ರು?"

ಪತ್ರೋಸ್ ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿ ಒಂದು ಸಂಖ್ಯೆ ಹೇಳಿದರು. ಆ ಸಂಖ್ಯೆಯನ್ನು ಸಾರಿಗೆ ಅಧಿಕಾರಿಗಳಿಗೆ ಬರೆಯುವ ಬಹಿರಂಗ ಪತ್ರದಲ್ಲಿ ನಮೂದಿಸುವಷ್ಟು ಮುಗ್ಧ ನಾನಲ್ಲ. ಆದರೆ ಆ ಸಂಖ್ಯೆಯಲ್ಲಿಯೇ ಉತ್ತರವಿತ್ತು. ಮರುವಾರ ಭವಿತಾ ಅದೇ ಜೀಪನ್ನು ನಮ್ಮ ಕೇಂದ್ರದ ಬಿಳಿ ಗೋಡೆಯಿಂದ ಇಪ್ಪತ್ತೈದು ಅಡಿ ದೂರ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹೆಡ್‌ಲೈಟಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿದಳು. ಖಾಲಿ ಜೀಪಿನ ಬೆಳಕು ಗೆರೆಗಿಂತ ಎರಡು ಬೆರಳು ಕೆಳಗೆ ಸಭ್ಯವಾಗಿ ಬಿತ್ತು. ಆಮೇಲೆ ಕಾನೂನು ಒಪ್ಪುವಷ್ಟು ಸಹಪಾಠಿಗಳನ್ನು ಹಿಂದೆ ಕೂರಿಸಿ ನಾಲ್ಕು ಚೀಲ ಗೊಬ್ಬರ ಹೇರಿಸಿದಳು. ಹಿಂಭಾಗ ಕುಸಿಯಿತು, ಮೂತಿ ಎದ್ದಿತು. ಬೆಳಕು ಗೆರೆ ದಾಟಿ, ಕಿಟಕಿ ದಾಟಿ, ಹೆಂಚಿನ ಮಾಡಿನ ಅಂಚಿಗೆ ಹೋಯಿತು. ಚಾಲಕ ಡಿಮ್ ಮಾಡಿದ್ದಾನೆ, ಬೆಳಕು ಮಾತ್ರ ಎದುರಿನವರ ಕಣ್ಣಿಗೇ ಹೋಗಿದೆ. ನೀಲಾವತಿಯವರ ಮಣಿಕಟ್ಟು ಮುರಿದದ್ದು ಯಾರ ದುಷ್ಟತನದಿಂದಲೂ ಅಲ್ಲ, ಹೆಡ್‌ಲೈಟಿನ ಬೆಳಕನ್ನು ಏರಿಳಿಸುವ ಒಂದು ಸ್ಕ್ರೂವಿನಿಂದ.

ಇಲ್ಲಿ ಒಂದು ಪ್ರಶ್ನೆಯನ್ನು ವಿನಯದಿಂದ ಕೇಳುತ್ತೇನೆ. ಆ ಜೀಪು ಅದಕ್ಕೆ ಮೂರೇ ತಿಂಗಳು ಮೊದಲು ತಮ್ಮ ತಪಾಸಣೆಯಲ್ಲಿ ಉತ್ತೀರ್ಣವಾಗಿತ್ತಲ್ಲ, ಹೇಗೆ? ಉತ್ತರ ನನಗೇ ಗೊತ್ತಿದೆ. ತಪಾಸಣೆ ನಡೆಯುವುದು ಮಧ್ಯಾಹ್ನದ ಬಿಸಿಲಿನಲ್ಲಿ, ಖಾಲಿ ಜೀಪಿಗೆ. ಖಾಲಿ ಜೀಪು ಎಂಬ ಪ್ರಾಣಿಯನ್ನು ನಮ್ಮ ಮೂರು ತಾಲೂಕುಗಳಲ್ಲಿ ಕಣ್ಣಾರೆ ಕಂಡವರು ತಮ್ಮ ಕಚೇರಿಯವರು ಮಾತ್ರ. ಮಿಕ್ಕ ನಾವೆಲ್ಲ ಅದನ್ನು ಹುಲ್ಲು, ಗೊಬ್ಬರ, ರಬ್ಬರ್ ಶೀಟು, ಶಾಲೆಯ ಮಕ್ಕಳು ಮತ್ತು ಮದುವೆಯ ದಿಬ್ಬಣದೊಂದಿಗೆ ಮಾತ್ರ ಬಲ್ಲೆವು. ಮದುಮಗನನ್ನು ಮದುವೆಗೆ ಮೊದಲು ನೋಡಿ ಸಂಸಾರಕ್ಕೆ ಸೈ ಎಂದು ಬರೆದುಕೊಟ್ಟ ಹಾಗಾಯಿತು ಈ ತಪಾಸಣೆ.

ಹಾಗೆ ಹುಟ್ಟಿದ್ದು ನಮ್ಮ ಶನಿವಾರದ ಶಿಬಿರ. ಸಂಜೆ ಆರೂವರೆಯಿಂದ ಎಂಟರವರೆಗೆ ಯಾರು ಬೇಕಾದರೂ ವಾಹನ ತರಬಹುದು, ಆದರೆ ಸಾಮಾನ್ಯವಾಗಿ ಹೇರುವಷ್ಟು ಹೇರಿಯೇ ತರಬೇಕು. ಭವಿತಾ ಮತ್ತು ಆಲ್ಬಿನ್ ಗೋಡೆಯ ಮುಂದೆ ನಿಲ್ಲಿಸಿ ಬೆಳಕನ್ನು ಕೆಳಗಿಳಿಸುವರು. ಲೈಟಿನ ಸ್ಕ್ರೂವಿನ ಪಕ್ಕ ಉಗುರುಬಣ್ಣದಿಂದ ಎರಡು ಚುಕ್ಕೆ: ಕೆಂಪು ಲೋಡಿಗೆ, ಗುಲಾಬಿ ಖಾಲಿಗೆ. ಉಗುರುಬಣ್ಣ ಆಲ್ಬಿನ್‌ನ ಅಕ್ಕ ಷಿಜಿಯ ಕೊಡುಗೆ; ಅದನ್ನು ಆಕೆ ಕೊಟ್ಟಳೋ ಇವನು ಕದ್ದನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಸಂಪಾಜೆಯ ಜತ್ತಪ್ಪನವರು ತಮ್ಮ ಹೊಸ ಕಾರಿನಲ್ಲಿ ಬಂದರು. ಅದರ ಸ್ಟಿಯರಿಂಗಿನ ಬಲಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕಿ ಇರುವ ಪುಟ್ಟ ಚಕ್ರ ಉಂಟಷ್ಟೆ. ಹಿಂದೆ ಭಾರ ಹೆಚ್ಚಿದಂತೆ ಅಂಕಿ ಹೆಚ್ಚಿಸಿದರೆ ಬೆಳಕು ತಗ್ಗುತ್ತದೆ. "ಇದು ಇದಕ್ಕಾ? ನಾನು ಹಿಂದಿನ ಸೀಟಿನವರ ಫ್ಯಾನ್ ಅಂತ ಮಾಡಿದ್ದೆ ಮಾರಾಯ್ತಿ" ಎಂದರು ಜತ್ತಪ್ಪನವರು. "ಸೆಕೆ ಅಂತ ಹೆಂಡತಿ ಹೇಳುವಾಗೆಲ್ಲ ಮೂರಕ್ಕೆ ಇಡ್ತಿದ್ದೆ. ಅವಳಿಗೆ ತಂಪೂ ಆಗ್ತಿತ್ತು."

ಮಂಜಿನ ದೀಪದ ಪಾಠ ಇನ್ನೂ ಸ್ವಾರಸ್ಯದ್ದು. ನಮ್ಮಲ್ಲಿ ಫಾಗ್ ಲೈಟನ್ನು ಜೀಪಿನ ಮಾಡಿನ ಕ್ಯಾರಿಯರಿಗೆ ಕಿರೀಟದಂತೆ ಕಟ್ಟುವುದು ಪದ್ಧತಿ. ಸಂಪಾಜೆಯ ಏರಿನಲ್ಲಿ ಮಂಜು ಕವಿದಾಗ ಮೇಲಿನಿಂದ ಬೀಳುವ ಬೆಳಕು ಮಂಜಿಗೇ ತಾಗಿ ಚಾಲಕನ ಕಣ್ಣಿಗೆ ಮರಳುತ್ತದೆ. ಮುಂದೆ ಬಿಳಿ ಪಂಚೆ ಒಣಹಾಕಿದಂತೆ. ಆಗ ಚಾಲಕ ಗಾಬರಿಯಾಗಿ ಹೈಬೀಮ್ ಹಾಕುತ್ತಾನೆ, ಪಂಚೆ ಎರಡಾಗುತ್ತದೆ. ಮಂಜಿನ ದೀಪ ಇರಬೇಕಾದದ್ದು ಬಂಪರಿನ ಬಳಿ, ಮೊಣಕಾಲೆತ್ತರದಲ್ಲಿ, ನೆಲದ ಕಡೆಗೆ ಮುಖ ಮಾಡಿ. ಆಲ್ಬಿನ್ ತನ್ನ ಅಪ್ಪನ ಜೀಪಿನ ಕಿರೀಟವನ್ನು ಇಳಿಸಿ ಬಂಪರಿಗೆ ಕಟ್ಟಿದ. ಒಂದು ಬೆಳಗಿನ ಜಾವ ಏರು ಹತ್ತಿ ಬಂದ ಪತ್ರೋಸ್, "ರಸ್ತೆ ಅಂಚಿನ ಬಿಳಿ ಗೆರೆ ಕಂಡಿತು ಸಾರ್. ಹತ್ತು ವರ್ಷದಿಂದ ಅಲ್ಲಿ ಗೆರೆ ಉಂಟು ಅಂತಲೇ ಗೊತ್ತಿರಲಿಲ್ಲ" ಎಂದರು.

ಈಗ ಈ ಎಲ್ಲ ಗೊಂದಲಕ್ಕೆ ಕಾರಣವಾದ ಮಾತಿಗೆ ಬರುತ್ತೇನೆ. ಅಡಿಕೆ ಮರದ ಗೊನೆಗೆ ನಮ್ಮಲ್ಲಿ ಕೊನೆ ಎನ್ನುತ್ತಾರೆ. ಮೇಲ್ಮುಖವಾಗಿ ಉರಿದು ರಸ್ತೆಯ ಬದಲು ತೋಟದ ಕೊನೆಗಳನ್ನು ತೋರಿಸುವ ಹೆಡ್‌ಲೈಟಿಗೆ ನಮ್ಮ ಜೀಪಿನವರು ಇಟ್ಟ ಹೆಸರು ಕೊನೆ ಲೈಟ್. ಆ ದೋಷವನ್ನು ಸರಿಪಡಿಸಿದ ವಾಹನದ ಗಾಜಿಗೆ ಮಕ್ಕಳು ಒಂದು ಚೀಟಿ ಅಂಟಿಸುತ್ತಿದ್ದರು: "ಕೊನೆ ಲೈಟ್ ತೆಗೆಯಲಾಗಿದೆ – ಭವಿತಾ, ಶಿಬಿರದ ಸಂಚಾಲಕಿ." ಕೊನೆ ತೆಗೆಯುವುದು ಎಂದರೆ ಇಲ್ಲಿ ಅಡಿಕೆ ಕೊಯ್ಲು, ಹಾಗಾಗಿ ಚೀಟಿಯಲ್ಲಿ ಒಂದು ಸಣ್ಣ ಚಮತ್ಕಾರವೂ ಇತ್ತು, ಓದಿದವರೆಲ್ಲ ನಕ್ಕಿದ್ದರು. ನಗದವರು ತಮ್ಮ ಸಿಬ್ಬಂದಿ. ರಸ್ತೆ ತಪಾಸಣೆಯಲ್ಲಿ ಪತ್ರೋಸರ ಜೀಪಿನ ಗಾಜಿನಿಂದ ಆ ಚೀಟಿಯ ಚಿತ್ರ ತೆಗೆದುಕೊಂಡು ಹೋದರು. ವಾರದೊಳಗೆ ಭವಿತಾಳಿಗೆ ವಿಚಾರಣೆಯ ನೋಟಿಸು ಬಂತು. "ಅನಧಿಕೃತ ಮಾರ್ಪಾಡು" ಎಂದಿತ್ತು, ಯಾವ ಮಾರ್ಪಾಡು ಎಂದಿರಲಿಲ್ಲ.

ವಿಚಾರಣೆಯ ದಿನ ಮೂರು ಗಂಟೆಗೆ ಬಂದ ನಮ್ಮನ್ನು ತಾವು ಆರೂವರೆಗೆ ಕರೆದಿರಿ. ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಅರ್ಧ ಬಾಗಿಲಿನ ಆಚೆಗಿನ ಮಾತು ಪೂರ್ತಿ ಕೇಳುತ್ತಿತ್ತು.

"ಏನಮ್ಮಾ, ಕೊನೆ ಲೈಟ್ ಅಂದ್ರೆ ಏನು?" ಎಂದು ತಾವು ಕೇಳಿದಿರಿ.

"ಕೊನೆಗೆ ಬೀಳುವ ಲೈಟ್ ಸರ್."

"ಅದೇ, ಕೊನೇಲಿರೋ ಲೈಟು. ತೆಗ್ದಿದೀಯಾ?"

"ತೆಗೆದದ್ದು ಹೌದು ಸರ್. ಮೂವತ್ತೇಳು ಗಾಡಿದ್ದು."

"ಯಾರನ್ನ ಕೇಳಿ ತೆಗ್ದೆ?"

"ಗಾಡಿಯವರೇ ತಂದು ತೆಗೆಸಿದ್ದು ಸರ್. ಅದು ಇದ್ರೆ ಎದುರಿನವರಿಗೆ ತೊಂದರೆ ಅಲ್ವಾ?"

"ಇದ್ರೆ ತೊಂದ್ರೆನಾ? ಒಪ್ಕೊಂಡ್ಲು, ಬರ್ಕೊಳ್ರಿ."

ಬಯಲುಸೀಮೆಯಿಂದ ಬಂದ ತಮಗೆ ಕೊನೆ ಎಂದರೆ ಕೊನೆಯೇ. ಕೊನೆಯ ಲೈಟ್ ಎಂದರೆ ವಾಹನದ ಹಿಂಬದಿಯ ದೀಪ. ಅದರಲ್ಲಿ ತಮ್ಮ ತಪ್ಪಿಲ್ಲ. ನನ್ನದು ಖಂಡಿತ ಇದೆ: ಬೆಂಚಿನಲ್ಲಿ ಕುಳಿತ ನನಗೂ ಆಗ ಏನೂ ಹೊಳೆಯಲಿಲ್ಲ. ಹುಡುಗಿ ಚೆನ್ನಾಗಿ ಉತ್ತರಿಸುತ್ತಿದ್ದಾಳೆ, ಪ್ರಶಂಸಾಪತ್ರವನ್ನೇ ಕೊಟ್ಟಾರು ಎಂದು ಹಿಗ್ಗಿದೆ. ಅಂಚೆಯಲ್ಲಿ ಆದೇಶ ಬಂದು "ಹಿಂಬದಿಯ ದೀಪಗಳನ್ನು ತೆಗೆದಿರುವುದನ್ನು ಸ್ವತಃ ಒಪ್ಪಿಕೊಂಡಿರುತ್ತಾರೆ" ಎಂಬ ಸಾಲನ್ನು ಓದಿದಾಗ ಮೊದಲು ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಎರಡನೆಯ ಪುಟದಲ್ಲಿ ಮೂರು ತಿಂಗಳು ಎಂದಿರುವುದನ್ನು ಓದಿದ ಮೇಲೆ ಭವಿತಾ ನಗಲಿಲ್ಲ. ಮೂವತ್ತೇಳು ವಾಹನಗಳ ಹಿಂಬದಿಯ ಚಿತ್ರಗಳೊಂದಿಗೆ ವಿವರಣೆ ಬರೆದುಕೊಂಡು ಮರುದಿನವೇ ತಮ್ಮ ಕಚೇರಿಗೆ ಬಂದೆವು. ಕಿಟಕಿಯಲ್ಲಿ ಸಿಕ್ಕ ಉತ್ತರ: "ಆದೇಶ ಆದ ಮೇಲೆ ವಿವರಣೆ ತಗೊಳ್ಳಲಿಕ್ಕೆ ಬರುದಿಲ್ಲ ಸರ್. ಅಪೀಲು ಹಾಕಿ. ನಾಲ್ಕು ತಿಂಗಳು ಹಿಡೀತದೆ."

ಮೂರು ತಿಂಗಳ ಶಿಕ್ಷೆ ತಪ್ಪೆಂದು ತಿಳಿಯಲು ನಾಲ್ಕು ತಿಂಗಳು. ಈ ಲೆಕ್ಕವನ್ನು ಮಕ್ಕಳಿಗೆ ವಿವರಿಸಲು ನನಗೆ ಬರಲಿಲ್ಲ. ತಮಗೆ ಬಂದರೆ ಒಂದು ದಿನ ತರಗತಿಗೆ ದಯಮಾಡಿಸಿ.

ತಮ್ಮ ಕಷ್ಟವನ್ನು ನಾನು ಅರಿಯದವನಲ್ಲ. ಬೆರಳೆಣಿಕೆಯ ಸಿಬ್ಬಂದಿ, ಮುಗಿಯದ ವಾಹನಗಳ ಸಾಲು, ಎಲ್ಲರ ಬೈಗುಳ. ಹಿಂಬದಿಯ ದೀಪ ನಿಜವಾಗಿಯೂ ಇಲ್ಲದ ವಾಹನಗಳನ್ನು ತಾವು ಹಿಡಿದಾಗ ನಾನು ಮನಸಾರೆ ಮೆಚ್ಚಿದ್ದೇನೆ. ಆದರೆ ತಮ್ಮ ಇಲಾಖೆ ಮಾಡಬೇಕಾದ ಕೆಲಸವನ್ನು ಇಪ್ಪತ್ತರ ಹುಡುಗಿಯೊಬ್ಬಳು ಸೀಮೆಸುಣ್ಣ ಮತ್ತು ಉಗುರುಬಣ್ಣದಲ್ಲಿ ಮಾಡುತ್ತಿರುವಾಗ, ಅವಳ ಬೆನ್ನು ತಟ್ಟದಿದ್ದರೂ ಚಿಂತೆಯಿಲ್ಲ, ಪರವಾನಗಿ ಕಸಿಯಬೇಕೆ? ಅಮ್ಮನ ಕೈ ಮುರಿದಾಗ ಈ ಹುಡುಗಿ ದೂರು ಬರೆಯಲಿಲ್ಲ, ಸ್ಕ್ರೂಡ್ರೈವರ್ ಹಿಡಿದಳು. ಅಂಥವರಿಗೆ ನಾವು ಏನನ್ನು ಕಲಿಸುತ್ತಿದ್ದೇವೆ? ಮುಂದಿನ ಸಲ ಸುಮ್ಮನಿರು ಎಂದೇ?

ಆದ್ದರಿಂದ ನನ್ನ ಬೇಡಿಕೆಗಳು ಚಿಕ್ಕವು. ತಮ್ಮ ಆದೇಶದ ತಪ್ಪನ್ನು ತಾವೇ ತಿದ್ದಿ, ತಿಂಗಳು ಮುಗಿಯುವ ಮೊದಲು ಭವಿತಾಳ ಪರವಾನಗಿಯನ್ನು ಹಿಂದಿರುಗಿಸಿ. ಆದೇಶ ಬಂದಂದಿನಿಂದ ನಾವು ನಿಲ್ಲಿಸಿದ ಶನಿವಾರದ ಶಿಬಿರಕ್ಕೆ ಅನುಮತಿ ಕೊಡಿ. ಮತ್ತು ಇನ್ನು ಮುಂದೆ ನಮ್ಮ ಜೀಪುಗಳ ಬೆಳಕನ್ನು ಭಾರ ಹೇರಿ, ಕತ್ತಲಾದ ಮೇಲೆ ಪರೀಕ್ಷಿಸಿ. ಗೋಡೆ ಇಲ್ಲವೆಂದರೆ ನಮ್ಮದಿದೆ, ಸುಣ್ಣ ಹೊಡೆದದ್ದು.

ಈ ಪತ್ರದಲ್ಲಿ ಇನ್ನೂ ಖಾರವಾದ ಎರಡು ಪುಟಗಳಿದ್ದವು. ಅವನ್ನು ಭವಿತಾ ಓದಿ ತೆಗೆಸಿದಳು. "ಅವರಿಗೆ ಬೈಬೇಡಿ ಸರ್" ಎಂದಳು. "ಆ ದಿನ ನಾವು ಹೊರಗೆ ಬರುವಾಗ ಅವರ ಇಲಾಖೆಯ ಜೀಪು ಗೇಟಿನ ಒಳಗೆ ಬಂತಲ್ಲ, ನೀವು ಕಣ್ಣಿಗೆ ಕೈ ಅಡ್ಡ ಹಿಡಿದದ್ದು ನೆನಪುಂಟಾ? ಎಡದ ಲೈಟ್ ನಾಲ್ಕು ಬೆರಳು ಮೇಲೆ ಉಂಟು. ಎರಡು ನಿಮಿಷದ ಕೆಲಸ. ಗೋಡೆ ಹತ್ತಿರ ತಂದು ನಿಲ್ಲಿಸಿದ್ರೆ ನಾನೇ ಮಾಡಿ ಕೊಡ್ತಿದ್ದೆ. ಆದ್ರೆ ಈಗ ಗಾಡಿ ಮುಟ್ಟಲಿಕ್ಕೆ ನಂಗೆ ಲೈಸೆನ್ಸ್ ಇಲ್ಲ."

ಇಂತಿ,
ಸರದಿಯಲ್ಲಿ ಮೂವತ್ತೆಂಟನೆಯವನಾಗಿ ನಿಂತು ಶಿಬಿರ ಮುಚ್ಚಿದ್ದರಿಂದ ಹಾಗೇ ಉಳಿದುಹೋದ ಕಾರಿನ ಮಾಲೀಕ, ಎದುರಿನಿಂದ ಬರುವವರೆಲ್ಲರ ಕ್ಷಮೆ ಕೋರುವ ಅಧ್ಯಾಪಕ,
ಜಯಪ್ರಕಾಶ್
ಕಡಬ