ಸ್ಪ್ಯಾನರ್ ಕೆಳಗಿಟ್ಟ ಮೇಸ್ತ್ರಿ

ಹೊಸನಗರ
12-4-1984

ಬಸ್ಸಿನ ಧಣಿಗಳಾದ ಮುಕುಂದಯ್ಯನವರಿಗೆ ನಮಸ್ಕಾರ.

ಕೈಕೆಳಗಿನವರನ್ನು ನಡೆಸಿಕೊಳ್ಳುವುದನ್ನು ಕಲಿತು ಬಾ ಎಂದು ನೀವು ನನ್ನನ್ನು ಸಾಗರಕ್ಕೆ, ನಿವೃತ್ತ ಎಂಜಿನಿಯರ್ ಗಣೇಶಮೂರ್ತಿಯವರ ಬಳಿ ಕಳಿಸಿದಾಗ ನನಗೆ ಸಿಟ್ಟು ಬಂದಿತ್ತು. ಮೆಕ್ಯಾನಿಕ್‌ಗಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳುವುದೇ ಮೇಸ್ತ್ರಿಕೆ ಎಂದುಕೊಂಡಿದ್ದವನು ನಾನು. ಗಣೇಶಮೂರ್ತಿಯವರು, "ಕೈ ಹಿಂದೆ ಕಟ್ಕೊಂಡು, ‘ನಿಂಗೆ ಎಂತ ಅನ್ಸುತ್ತೆ?’ ಅಂತ ಕೇಳಿ, ಸಾಕು" ಎಂದರು. ವಾಪಸು ಬಂದ ಮೇಲೆ ನಾನು ಮೆಕ್ಯಾನಿಕ್‌ಗಳನ್ನು ಹಾಗೇ ಕೇಳತೊಡಗಿದೆ.

ಮೊನ್ನೆ ಮಾಸ್ತಿಕಟ್ಟೆಯಲ್ಲಿ ಬಸ್ಸು ಕೆಟ್ಟಾಗ ಮೆಕ್ಯಾನಿಕ್ ಹೂವಯ್ಯನೇ ಹೋಗಿ ಸರಿಮಾಡಿದ. ನನಗೆ ಗೊತ್ತಾದದ್ದು ಬಸ್ಸು ಊರು ಮುಟ್ಟಿದ ಮೇಲೆ.

ಹಿರಿಮಗಳ ಧಾರೆಯ ಹೊತ್ತಿಗೆ ನಾನು ರಿಪೇರಿಗೆಂದು ಬಸ್ಸಿನಡಿ ಮಲಗಿದ್ದೆ. ಕಿರಿಮಗಳ ಮದುವೆಗೆ ನಾಲ್ಕು ದಿನ ರಜೆ ಕೊಡಬೇಕು. ಬಸ್ಸು ಕೆಟ್ಟರೆ ಹೂವಯ್ಯನನ್ನು ಕೇಳಿ. "ನಿಮ್ಗೆ ಎಂತ ಅನ್ಸುತ್ತೆ?" ಎಂದು ಅವನು ನಿಮ್ಮನ್ನೇ ಕೇಳಿಯಾನು. ಸಿಟ್ಟಾಗಬೇಡಿ, ಆ ಪಾಠಕ್ಕೆ ಕಳಿಸಿದವರು ನೀವೇ.

ಇಂತಿ,
ದ್ಯಾವಪ್ಪ
ಗ್ಯಾರೇಜು ಮೇಸ್ತ್ರಿ