ಇನ್ನೂರು ಮಗ್ಗಗಳ ನಡುವಿನ ಮಾತು

ಭಾನುವಾರ, ಮಾರ್ಚ್ ೯

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಒರಗಿಕೊಂಡಿರುವ ಗಣ್ಯರೇ, ವೇದಿಕೆ ಸಿಗದೆ ಮುಖ ಊದಿಸಿಕೊಂಡಿರುವ ಇತರ ಗಣ್ಯರೇ, ತಿಂಡಿಯ ಪೊಟ್ಟಣಕ್ಕಾಗಿ ಕೊನೆಯತನಕ ಕೂರಲಿರುವ ಸಹೃದಯರೇ, ಹಾಗೂ ಕನ್ನಡಕ ಎಲ್ಲಿಟ್ಟೆನೆಂದು ಹುಡುಕುತ್ತಿರುವ ಪ್ರೀತಿಯ ಅಮ್ಮನೇ,

ಎಲ್ಲರಿಗೂ ನಮಸ್ಕಾರ. ಕನ್ನಡಕ ನಿನ್ನ ತಲೆಯ ಮೇಲಿದೆ.

ಗಾಬರಿಯಾಗಬೇಡ, ಇದು ಭಾಷಣ. ಮುಚ್ಚಿಹೋದ ನಿಮ್ಮ ಬಟ್ಟೆ ಗಿರಣಿಯ ಹಳೆಯ ಕೆಲಸಗಾರರೆಲ್ಲ ಮುಂದಿನ ತಿಂಗಳು ಒಂದು ಕಡೆ ಸೇರುತ್ತಾರಂತೆ. ಕೆಲಸಗಾರರ ಮಕ್ಕಳ ಪರವಾಗಿ ನಾಲ್ಕು ಮಾತಾಡು ಎಂದು ನನ್ನನ್ನು ಕೇಳಿದ್ದಾರೆ. ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಕಲಿಸುತ್ತಿರುವವಳಿಗೆ ನಾಲ್ಕು ಮಾತೆಂದರೆ ನಲವತ್ತು ಎಂಬುದು ಅವರಿಗೆ ಗೊತ್ತಿಲ್ಲ, ಪಾಪ. ತಪ್ಪಿದ್ದರೆ ತಿದ್ದು ಎಂದು ಮೊದಲು ನಿನಗೇ ಕಳಿಸುತ್ತಿದ್ದೇನೆ.

ನೀನು ಸಿಟ್ಟಿನಲ್ಲಿದ್ದೀಯೆಂದು ಗೊತ್ತು. ಎರಡು ತಿಂಗಳಿಂದ ನಾನು ನಿನ್ನ ಫೋನ್ ಎತ್ತಿಲ್ಲ. "ಫೋನ್ ಎತ್ತೋಕೂ ಪುರುಸೊತ್ತಿಲ್ಲದೋಳಿಗೆ ಅಮ್ಮ ಯಾಕಂತೆ? ಇನ್ನು ನಾನೂ ಮಾಡಲ್ಲ, ಅವಳೂ ಬರೋದು ಬೇಡ" ಎಂದು ಚಿಕ್ಕಮ್ಮನ ಕೈಲಿ ಹೇಳಿ ಕಳಿಸಿದ್ದೀ. ಅದಕ್ಕೆ ಉತ್ತರ ಭಾಷಣದ ಕೊನೆಯಲ್ಲಿದೆ. ಮಧ್ಯದಲ್ಲಿ ಎದ್ದು ಹೋಗುವಂತಿಲ್ಲ.

ಸಭಿಕರೇ, ನಮ್ಮಮ್ಮ ಒಬ್ಬಳೇ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದಳು. ಒಂದೇ ಸೂರಿನಡಿ ಅಂಥ ಮಗ್ಗ ಇನ್ನೂರು. ಸದ್ದು ಮಾತ್ರ ಮುನ್ನೂರು. ಪ್ರಾಸ ಸಿಕ್ಕಿದರೆ ಲೆಕ್ಕವನ್ನು ತುಸು ಪಕ್ಕಕ್ಕೆ ಸರಿಸುವುದು ನನ್ನ ಹುಟ್ಟುಗುಣ, ಕ್ಷಮೆಯಿರಲಿ. ಲಾಳಿ ಈ ಕಡೆ ಏಟು ತಿಂದು ಆ ಕಡೆಗೆ ಹಾರುತ್ತಿತ್ತು, ಅಲ್ಲೂ ಏಟು ತಿಂದು ವಾಪಸು ಬರುತ್ತಿತ್ತು. ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೆಲ ನಡುಗುತ್ತಿತ್ತು, ಕಿಟಕಿಯ ಗಾಜು ನಡುಗುತ್ತಿತ್ತು, ನನ್ನ ಕೈಯಲ್ಲಿ ಡಬ್ಬಿಯ ಮುಚ್ಚಳ ನಡುಗುತ್ತಿತ್ತು. ಅಮ್ಮನ ಬೆರಳು ಮಾತ್ರ ನಡುಗುತ್ತಿರಲಿಲ್ಲ. ಕಡಿದ ಎಳೆಯ ಎರಡು ತುದಿ ಹಿಡಿದು ಅವಳು ಹಾಕಿದ ಗಂಟು, ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಬಟ್ಟೆಯೊಳಗೆ ಸೇರಿ ಮಾಯವಾಗುತ್ತಿತ್ತು.

ಆ ಸದ್ದಿನಲ್ಲಿ ಕೂಗಿಕೊಂಡರೆ ಗಂಟಲು ಹೋಗುತ್ತಿತ್ತೇ ಹೊರತು ಮಾತು ಮುಟ್ಟುತ್ತಿರಲಿಲ್ಲ. ಅದಕ್ಕೇ ಮಗ್ಗದ ಹೆಂಗಸರು ದನಿ ಬಿಟ್ಟು ತುಟಿ ಹಿಡಿದರು. ಒಂದೊಂದು ಅಕ್ಷರಕ್ಕೂ ತುಟಿಯನ್ನು ಪೂರ್ತಿ ಅರಳಿಸಿ, ಹುಬ್ಬು ಕುಣಿಸಿ, ಹತ್ತು ಮಗ್ಗದಾಚೆ ನಿಂತವಳ ಜೊತೆ ಸೊಸೆಯ ಜಗಳದಿಂದ ಸೊಂಟದ ನೋವಿನ ತನಕ ಎಲ್ಲ ಮಾತಾಡುತ್ತಿದ್ದರು. ಮೇಸ್ತ್ರಿ ಸದಾ ಕೈಗಡಿಯಾರ ನೋಡುತ್ತಿದ್ದುದರಿಂದ ಅವನಿಗೆ 'ಗಡಿಯಾರ' ಎಂದೇ ಹೆಸರು. ಒಂದು ದಿನ ಅವನು ಸಾಲಿನ ನಡುವೆ ಬಂದು ನಿಂತಾಗ ಅಮ್ಮ ಎದುರು ಸಾಲಿನಲ್ಲಿ ನೂಲಿನ ಉರುಳೆ ಹಂಚುತ್ತಿದ್ದ ಬಾಬಿನ್ ಅಕ್ಕನಿಗೆ ತುಟಿಯಲ್ಲೇ, "ಇವತ್ತು ಅಂಗಿ ಗುಂಡಿ ಅಡ್ಡಾದಿಡ್ಡಿ ಹಾಕ್ಕೊಂಡಿದಾನೆ ಕಣೇ" ಅಂದಳಂತೆ. ನಲವತ್ತು ಹೆಂಗಸರು ಒಟ್ಟಿಗೆ ಅವನ ಹೊಟ್ಟೆ ನೋಡಿದರು. ಆಮೇಲೆ ಒಂದು ತಿಂಗಳು ಅವನು ಹೊಟ್ಟೆ ಒಳಗೆಳೆದುಕೊಂಡೇ ಓಡಾಡಿದನಂತೆ.

ಈ ಭಾಷೆಗೆ ಇದ್ದ ಒಬ್ಬನೇ ಶತ್ರು ಮೀಸೆ. ನಮ್ಮಪ್ಪ ಮಗ್ಗ ರಿಪೇರಿ ಮಾಡುವ ಫಿಟ್ಟರ್. ಮೇಲ್ತುಟಿ ಪೂರ್ತಿ ಮುಚ್ಚುವಂಥ ಮೀಸೆ. ಅಮ್ಮನ ಮೂರನೇ ಮಗ್ಗ ಕೆಟ್ಟಾಗಲೆಲ್ಲ ಬಂದು ಏನೋ ಹೇಳುತ್ತಿದ್ದರು. ಅದು ವಾರಕ್ಕೆರಡು ಸಲ ಕೆಡುತ್ತಿತ್ತು. ಯಾರು ಕೆಡಿಸುತ್ತಿದ್ದರು ಎನ್ನುವುದು ಇಂದಿಗೂ ತನಿಖೆಯಲ್ಲಿದೆ. "ಮೀಸೆ ಅಲ್ಲಾಡ್ತಿದೆ, ಮಾತು ಕಾಣಿಸ್ತಿಲ್ಲ" ಎಂದು ಅಮ್ಮ ಬಾಬಿನ್ ಅಕ್ಕನಿಗೆ ದೂರು ಕೊಟ್ಟಳು. ಅವಳು ಗೇಟಿನ ಹೊರಗೆ ಅಪ್ಪನನ್ನು ತಡೆದು, "ಮೀಸೆ ಇಟ್ಕೋತೀರೋ, ಹುಡುಗಿ ಬೇಕೋ, ನೀವೇ ನೋಡ್ಕೊಳ್ಳಿ" ಅಂದಳು. ಸೋಮವಾರ ಅಪ್ಪ ಮೀಸೆಯಿಲ್ಲದೆ, ನೆಗಡಿಯಾದವರ ಮುಖ ಮಾಡಿಕೊಂಡು ಬಂದರು. ಮೂರನೇ ಮಗ್ಗದ ಬಳಿ ನಿಂತು ನಿಧಾನವಾಗಿ ತುಟಿ ಅರಳಿಸಿದರು: "ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ." ಇಷ್ಟು ಸದ್ದಿನಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದರು. ಇಡೀ ಸಾಲು ಓದಿಬಿಟ್ಟಿತ್ತು. ಅಮ್ಮ ಹೇಳಿದ್ದು ಇಷ್ಟೇ: "ಮೊದಲು ಮಗ್ಗ ಸರಿ ಮಾಡಿ." ಅಪ್ಪನ ಬೆನ್ನ ಹಿಂದೆ ನಲವತ್ತು ಬಾಯಿ "ಹೂಂ ಅನ್ನೇ, ಹೂಂ ಅನ್ನೇ" ಎನ್ನುತ್ತಿದ್ದವಂತೆ. ಅಪ್ಪ ಬದುಕಿದ್ದ ತನಕ ಮತ್ತೆ ಮೀಸೆ ಬಿಡಲಿಲ್ಲ.

ಸಭಿಕರೇ, ಇಂಥ ತಾಯಿಗೆ ಮಗಳಾಗಿ ನಾನು ಮಾಡಿದ್ದೇನು? ನಾಚಿಕೊಂಡೆ. ರಸ್ತೆಯಲ್ಲಿ ನಿಂತು ಎದುರು ಮಹಡಿಯ ಕಿಟಕಿಯವಳ ಜೊತೆ ಅಮ್ಮ ದನಿಯಿಲ್ಲದೆ ಹರಟುವಾಗ ನಾನು ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದೆ, ಯಾರ ಮಗಳೋ ಎಂಬಂತೆ. ಆ ತುಟಿಮಾತನ್ನು ಅವಳು ಕಲಿಸುತ್ತೇನೆಂದಾಗ "ನಾನೇನು ಗಿರಣಿಗೆ ಹೋಗ್ತೀನಾ?" ಅಂದೆ.

ಶಾಲೆಯ ವಾರ್ಷಿಕೋತ್ಸವದಲ್ಲಿ ನಾನೇ ಹೊಸೆದ ಹದಿನಾರು ಸಾಲಿನ ಪದ್ಯ ಓದಬೇಕಿತ್ತು. ವಾರವಿಡೀ ಮನೆಯಲ್ಲಿ ಅದನ್ನೇ ಓದಿ ನಿನ್ನ ತಲೆ ತಿಂದಿದ್ದೆ. (ಸಭಿಕರು ಎಲ್ಲಿ ಹೋದರೋ, 'ನೀನು' ಬಂದುಬಿಟ್ಟೆ.) ಪಾಳಿ ಮುಗಿಸಿ, ಕೂದಲ ತುಂಬ ಹತ್ತಿಯ ಧೂಳು ಹೊತ್ತು ಬಂದ ನೀನು, ಕೂರಲು ಜಾಗ ಸಿಗದೆ ಕೊನೆಯಲ್ಲಿ ಬಾಗಿಲಿಗೆ ಒರಗಿ ನಿಂತೆ. ಎರಡನೇ ಸಾಲಿಗೇ ಮೈಕು ಕೈಕೊಟ್ಟಿತು. ಮುಂದಿನ ಕುರ್ಚಿಯವರಿಗೂ ಕೇಳಿಸುತ್ತಿರಲಿಲ್ಲ. ಎಲ್ಲರೂ ತಮ್ಮತಮ್ಮ ಮಾತಿಗಿಳಿದರು. ಮುಗಿಸಿ ತಲೆಯೆತ್ತಿದಾಗ ಒಂದೇ ಒಂದು ಜೊತೆ ಕೈ ಚಪ್ಪಾಳೆ ತಟ್ಟುತ್ತಿತ್ತು. ಮನೆಯ ದಾರಿಯಲ್ಲಿ ನೀನು, "ಚೆನ್ನಾಗಿತ್ತು. ಹನ್ನೊಂದನೇ ಸಾಲು ಯಾಕೆ ನುಂಗಿಬಿಟ್ಟೆ?" ಅಂದೆ. ನಾನು ನಿಜಕ್ಕೂ ನುಂಗಿದ್ದೆ. ಅವತ್ತು ಅಷ್ಟು ಜನರಲ್ಲಿ ನನ್ನನ್ನು ಕೇಳಿಸಿಕೊಂಡವಳು ನೀನೊಬ್ಬಳೇ.

ನೀನು ಬಲಗಿವಿಯನ್ನು ಮಗ್ಗಗಳಿಗೆ ಕೊಟ್ಟು ಬಂದೆ. ಉಳಿದ ಎಡಗಿವಿಗೆ ಫೋನ್ ಒತ್ತಿಕೊಂಡು ನನ್ನನ್ನು ಕರೆಯುತ್ತೀ. ನಾನು ಎತ್ತುವುದಿಲ್ಲ.

ಇಲ್ಲಿಂದ ಮುಂದೆ ಪ್ರಾಸವಿಲ್ಲ, ಅಮ್ಮ. ಭಾಷಣವೂ ಇಲ್ಲ. ಯಾರೂ ಎಲ್ಲೂ ಸೇರುತ್ತಿಲ್ಲ, ನನ್ನನ್ನು ಯಾರೂ ಕೇಳಿಲ್ಲ. ನೇರವಾಗಿ ಬರೆಯಲು ಧೈರ್ಯ ಸಾಲದೆ ಇಷ್ಟೆಲ್ಲ ಸುತ್ತಿದೆ.

ನನಗೆ ಕಿವಿ ಕೇಳಿಸುತ್ತಿಲ್ಲ. ಫೋನ್ ಎತ್ತಿದರೆ ನಿನ್ನ ದನಿ ಬರುತ್ತದೆ, ಮಾತು ತಿಳಿಯುವುದಿಲ್ಲ. ಎರಡೂ ಕಿವಿ ಒಟ್ಟಿಗೇ ಹೋಗುತ್ತಿವೆ. ಡಾಕ್ಟರು ಕಿವಿಗೆ ಯಂತ್ರ ಕೊಡುತ್ತಾರಂತೆ, ಸ್ವಲ್ಪ ಕಾಲ ನಡೆಯುತ್ತದಂತೆ. ಆಮೇಲೆ ಏನು ಎಂದು ಕೇಳಿದರೆ ಕಾಗದ ನೋಡಿದರು. ಹೋದ ವಾರ ತರಗತಿಯಲ್ಲಿ ಒಬ್ಬಳು ಎದ್ದು ನಿಂತು ಪದ್ಯ ಹೇಳಿದಳು, ನಾನು ಭೇಷ್ ಅಂದೆ. ಅವಳು ಹೇಳಿದ್ದು ಪದ್ಯವಲ್ಲವಂತೆ, ಬಾಯಿಗೆ ಬಂದದ್ದಂತೆ. ಮಕ್ಕಳೆಲ್ಲ ನಕ್ಕಿದ್ದು ಕಂಡಿತು, ಕೇಳಿಸಲಿಲ್ಲ.

ಬಂದು ಒಂದು ತಿಂಗಳು ಇರು. ಎದುರು ಕೂತು ಮಾತಾಡು, ದನಿಯಿಲ್ಲದೆ. ಅವತ್ತು ಬೇಡವೆಂದದ್ದನ್ನು ಈಗ ಕಲಿಸು.

ಹತ್ತು ಹೆಜ್ಜೆ ಮುಂದೆ ಹೋಗಿ, ಈಗ ತಿರುಗಿ ನಿಂತಿರುವ
ನಿನ್ನ ಮಗಳು

ತಾ.ಕ.: ಇದನ್ನು ನಿನ್ನ ಅಳಿಯನಿಗೂ ನಾನು ಹೇಳಿರಲಿಲ್ಲ. ಅಪ್ಪನ ಮೀಸೆಯ ಕಥೆಯನ್ನು ಮಾತ್ರ ಮದುವೆಯಾದ ಹೊಸತರಲ್ಲಿ ಹೇಳಿದ್ದೆ. ಅವರಿಗೆ ಹೇಗೆ ಗೊತ್ತಾಯಿತೋ, ಇವತ್ತು ಬೆಳಿಗ್ಗೆ ಇಪ್ಪತ್ತು ವರ್ಷದ ಮೀಸೆ ಬೋಳಿಸಿಕೊಂಡು ಬಂದು ನನ್ನೆದುರು ಕೂತರು. ನಿಧಾನವಾಗಿ, ತುಟಿ ಅರಳಿಸಿ ಏನೋ ಹೇಳಿದರು. ನನಗೆ ಓದಲು ಬರಲಿಲ್ಲ. ಬೇಗ ಬಾ.